ಮೇ ತಿಂಗಳಲ್ಲಿ ಚಾಕೊಲೇಟಿಗೆ ಹೆಪ್ಪು

ಧಾರವಾಡದ ನಮ್ಮ ಅಡುಗೆಮನೆಯಲ್ಲಿ ಎ.ಸಿ. ಇಲ್ಲದೆ, ಅದೂ ಮೇ ತಿಂಗಳಲ್ಲಿ, ಅಸಲಿ ಕೂವರ್ಚರ್ (ಕೋಕೋ ಬೆಣ್ಣೆ ಹೆಚ್ಚಿರುವ) ಚಾಕೊಲೇಟನ್ನು ಹೊಳಪು ಕೆಡದಂತೆ ಅಚ್ಚಿನಿಂದ ಬಿಡಿಸುತ್ತೇನೆ ಎಂದಾಗ ಯಾರೂ ನಂಬಿರಲಿಲ್ಲ. ನನಗೆ ಈ ಕೆಲಸ ಕಲಿಸಿದವರೇ ಬೇಸಿಗೆಗೆ ಕಾಂಪೌಂಡ್ (ಕೋಕೋ ಬೆಣ್ಣೆಯ ಬದಲು ಬೇರೆ ಕೊಬ್ಬು ಹಾಕಿದ ಚಾಕೊಲೇಟು) ಸಾಕು ಎಂದಿದ್ದರು. ಅತ್ತೆಯವರಂತೂ "ಬ್ಯಾಸಗ್ಯಾಗ ಇದೆಲ್ಲಾ ನಡ್ಯಾಂಗಿಲ್ಲವಾ, ಸುಮ್ನ ಶೇಂಗಾ ಹೋಳಿಗಿ ಮಾಡಿ ಮಾರು" ಎಂದು ತೀರ್ಪು ಕೊಟ್ಟಿದ್ದರು. ಈ ವರ್ಷ ಮೇ ತಿಂಗಳ ಮದುವೆಗಳಿಗೆ ಸುಮಾರು 18 ಕಿಲೋ ಮಾಡಿಕೊಟ್ಟೆ. ಒಂದು ಪೆಟ್ಟಿಗೆಯೂ ಹಿಂದಿರುಗಿ ಬರಲಿಲ್ಲವಾದ್ದರಿಂದ ಬರೆಯುವ ಧೈರ್ಯ ಬಂದಿದೆ.

ಮೊದಲು ಸೋಲಿನ ಲೆಕ್ಕ. ಮೂರು ವರ್ಷಗಳ ಹಿಂದೆ ಹುಬ್ಬಳ್ಳಿಯ ಮದುವೆಯೊಂದಕ್ಕೆ 300 ತುಂಡು ಮಾಡಿದ್ದೆ. ಎರಡನೆಯ ದಿನ ಪೆಟ್ಟಿಗೆ ತೆರೆದರೆ ಪ್ರತಿ ತುಂಡಿನ ಮೇಲೂ ವಿಭೂತಿ ಬಳಿದಂತೆ ಬೂದು ಪಟ್ಟೆಗಳು. ಆರು ಸಾವಿರದಷ್ಟು ಕೈಬಿಟ್ಟಿತು. ತಪ್ಪು ಎಲ್ಲಿದೆಯೆಂದು ತಿಳಿಯಲು ಎರಡು ತಿಂಗಳು ಹಿಡಿಯಿತು. ಥರ್ಮಾಮೀಟರನ್ನು ಕುದಿಯುವ ನೀರಿಗೆ ಅದ್ದಿ ನೋಡಿದಾಗ ಅದು 98 ತೋರಿಸಿತ್ತು; ಎರಡು ಡಿಗ್ರಿ ಕಡಿಮೆ ತೋರಿಸುತ್ತಿದೆಯೆಂದು ಅಂದಿನಿಂದ ಪ್ರತಿಸಲವೂ ಎರಡು ಕೂಡಿಸಿ ಓದುತ್ತಿದ್ದೆ. ನಮ್ಮ ಊರಿನ ಎತ್ತರದಲ್ಲಿ ನೀರು 100ಕ್ಕೆ ಅಲ್ಲ, 98ರ ಆಸುಪಾಸಿನಲ್ಲೇ ಕುದಿಯುತ್ತದೆ ಎಂಬುದು ಆಗ ಹೊಳೆಯಲಿಲ್ಲ. ಥರ್ಮಾಮೀಟರ್ ಸರಿಯಾಗಿತ್ತು, ನಾನು ತಪ್ಪಿದ್ದೆ. ಸುರಿಯಲು ಬೇಕಾದ 31.5 ಡಿಗ್ರಿ ಎಂದುಕೊಂಡು 29.5ರಲ್ಲಿ ಸುರಿಯುತ್ತಿದ್ದೆ, ಅಚ್ಚಿಗಿಳಿಯದಷ್ಟು ಗಟ್ಟಿಯಾಯಿತೆಂದು ಮತ್ತೆ ಮತ್ತೆ ಬಿಸಿ ಮಾಡಿ ಇದ್ದ ಹದವನ್ನೂ, ಅಂದರೆ ಹೊಳಪು ಕೊಡುವ ಕೋಕೋ ಬೆಣ್ಣೆಯ ಹರಳುಗಳನ್ನೂ, ಕಳೆಯುತ್ತಿದ್ದೆ. ಈಗ ಐಸು ಕರಗುತ್ತಿರುವ ನೀರಿನಲ್ಲಿ ಸೊನ್ನೆ ತೋರಿಸುತ್ತದೆಯೇ ಎಂದಷ್ಟೇ ನೋಡುತ್ತೇನೆ.

ಐವರಿ ಕೋಸ್ಟ್, ಘಾನಾಗಳಲ್ಲಿ ಫಸಲು ಕೆಟ್ಟು 2024ರಲ್ಲಿ ಕೋಕೋ ಬೆಲೆ ಟನ್ನಿಗೆ 10,000 ಡಾಲರ್ ದಾಟಿದಾಗ, ಕಿಲೋಗೆ ಒಂಬೈನೂರರ ಒಳಗೆ ಸಿಗುತ್ತಿದ್ದ ಕೂವರ್ಚರಿಗೆ ನಾನು ಸಾವಿರದ ನಾಲ್ಕುನೂರರವರೆಗೆ ಕೊಟ್ಟಿದ್ದೇನೆ. ಆ ದರದಲ್ಲಿ ಕೆಡಿಸಿ ಕಲಿಯುವುದು ಸಾಧ್ಯವಿರಲಿಲ್ಲ. ಆಗ ಹಿಡಿದದ್ದೇ ಕೋಕೋ ಬೆಣ್ಣೆಯ ಹೆಪ್ಪು. ಹಾಲಿಗೆ ಹಾಕುವ ಮೊಸರಿನಂತೆ, ಇದರಲ್ಲಿರುವ ಹರಳುಗಳು ಇಡೀ ಚಾಕೊಲೇಟನ್ನು ಹದಕ್ಕೆ ತರುತ್ತವೆ. ತುರಿದ ಕೋಕೋ ಬೆಣ್ಣೆಯನ್ನು ಗಾಜಿನ ಬಾಟಲಿಯಲ್ಲಿ 33.5 ಡಿಗ್ರಿಯಲ್ಲಿ ಒಂದು ಹಗಲು, ಒಂದು ರಾತ್ರಿ ಇಟ್ಟರೆ ಅದು ಪೂರ್ತಿ ಕರಗದೆ, ಆಗಷ್ಟೇ ಕಡೆದು ತೆಗೆದ ಬೆಣ್ಣೆಯ ಹದಕ್ಕೆ ಬರುತ್ತದೆ. ಎಣ್ಣೆಯಂತೆ ತಿಳಿಯಾಯಿತೋ, ಹೆಪ್ಪು ಸತ್ತಿತೆಂದೇ ಲೆಕ್ಕ. 47ಕ್ಕೆ ಕರಗಿಸಿ 34ಕ್ಕೆ ಇಳಿಸಿದ ಡಾರ್ಕ್ ಚಾಕೊಲೇಟಿಗೆ ಕಿಲೋಗೆ 10 ಗ್ರಾಂ ಹೆಪ್ಪು ಬೆರೆಸಿ, ಒಂದು ನಿಮಿಷ ತಿರುವಿ, ನೇರವಾಗಿ ಅಚ್ಚಿಗೆ ಹಾಕುತ್ತೇನೆ. ಕರೆಂಟು ಹೋದ ರಾತ್ರಿಗಳಲ್ಲೂ 33.5 ಹೇಗೆ ಕಾಯುತ್ತೇನೆ ಎಂಬುದನ್ನು ಮಾತ್ರ ಬರೆಯುವುದಿಲ್ಲ. ಅದಕ್ಕೆ ನಾನು ತೆತ್ತ ದುಡ್ಡು ಇನ್ನೂ ಹುಟ್ಟಿಲ್ಲ.

ಕೆಲಸವೆಲ್ಲ ಬೆಳಗಿನ ನಾಲ್ಕೂವರೆಯಿಂದ ಏಳರೊಳಗೆ, ಕೋಣೆ 25ರ ಹತ್ತಿರ ಇರುವಾಗ. ಅಚ್ಚಿನ ಅಂಚಿನಲ್ಲಿ ಚಾಕೊಲೇಟು ಮಂಕಾಗತೊಡಗಿದ ಕೂಡಲೇ ಫ್ರಿಜ್ಜಿಗೆ, ಹದಿನೈದು ನಿಮಿಷ. ಗಟ್ಟಿಯಾಗುವಾಗ ಅದು ತಾನೇ ಬಿಡುವ ಬಿಸಿಯನ್ನು ಎಳೆದುಕೊಂಡರೆ ಸಾಕು. ಹೆಚ್ಚು ಹೊತ್ತು ಇಟ್ಟರೆ ಹೊರತೆಗೆದಾಗ ಬೆವರುತ್ತದೆ.

ನಡುವೆ ಬ್ಯಾಡಗಿ ಮೆಣಸಿನಕಾಯಿಯನ್ನೂ ಪ್ರಯತ್ನಿಸಿದೆ. ಖಾರ ಕಡಿಮೆಯಾದ್ದರಿಂದ ಕಿಲೋಗೆ ಆರೇಳು ಗ್ರಾಂ ಪುಡಿ ತಡೆಯುತ್ತದೆ, ಆದರೆ ಕೆಂಪು ಬಣ್ಣ ಕಪ್ಪಿನಲ್ಲಿ ಮುಳುಗಿಹೋಗುವುದರಿಂದ ಆ ಮೆಣಸಿನಕಾಯಿಗೆ ಅನ್ಯಾಯವೆನಿಸಿತು. ಪೇಢೆಯನ್ನು ಪುಡಿಮಾಡಿ ಒಳಗೆ ತುಂಬಿದ್ದು ಚೆನ್ನಾಗಿ ಹೋಯಿತು. ಹಾಲಿನ ತೇವವಿರುವುದರಿಂದ ನಾಲ್ಕು ದಿನಗಳೊಳಗೆ ತಿನ್ನಬೇಕೆಂದು ಪೆಟ್ಟಿಗೆಯ ಮೇಲೆ ಬರೆಯುತ್ತೇನೆ. ಬೆಲ್ಲ ಮಾತ್ರ ಇನ್ನೂ ಒಗ್ಗಿಲ್ಲ. ಅದು ಗಾಳಿಯ ಪಸೆಯನ್ನೆಲ್ಲ ಹೀರಿ ಚಾಕೊಲೇಟನ್ನು ಉಂಡೆಗಟ್ಟಿಸುತ್ತದೆ. ಕಳೆದ ವಾರ ಕೆಟ್ಟ ಮುಕ್ಕಾಲು ಕಿಲೋವನ್ನು ಅತ್ತೆಯವರು ಹಾಲಿಗೆ ಹಾಕಿ ಕಾಯಿಸಿ, ಮನೆಯವರಿಗೆಲ್ಲ ಎರಡು ದಿನ ಕುಡಿಸಿದರು.