ಕತೆ ಬರೆಯಲು ಕೂತು ಮೊದಲ ಪುಟದಲ್ಲೇ ನಿಂತವರಿಗೆ

ಗಂಗಾವತಿ, ಕಾರಟಗಿ ಕಡೆಯ ಗೆಳೆಯರೇ, ಊರಿನ ವರ್ಣನೆ, ಮನೆತನದ ಚರಿತ್ರೆ ಎಲ್ಲ ಹೇಳಿ ಮುಗಿಸಿ ಆಮೇಲೆ ಕತೆ ಶುರು ಮಾಡೋಣ ಅಂದುಕೊಂಡರೆ ಕೈ ಸೋಲುತ್ತದೆ. ಏನೋ ಒಂದು ಬದಲಾದ ಗಳಿಗೆಯಿಂದಲೇ ಶುರು ಮಾಡಿ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟ್, ಅಂದರೆ ನೀರು ತಡೆದು ನಿಲ್ಲಿಸುವ ಬಾಗಿಲು, ಕೊಚ್ಚಿಹೋಯಿತಲ್ಲ, ಅದನ್ನೇ ತಗೊಳ್ಳಿ. ಆದರೆ ಸುದ್ದಿ ಬರೆಯಬೇಡಿ. ಎಡದಂಡೆ ಕಾಲುವೆ ನಂಬಿ ಭತ್ತ ನಾಟಿ ಮಾಡಿಸಿದ ಒಬ್ಬ ಹೆಣ್ಣುಮಗಳನ್ನು ಕಲ್ಪಿಸಿಕೊಳ್ಳಿ. ಮರುದಿನ ನಸುಕಿನಲ್ಲಿ ಮುಖ ತೊಳೆಯುತ್ತಿದ್ದಾಳೆ, ಉಗುರಿನ ಸಂದಿಯಲ್ಲಿ ಗದ್ದೆಯ ಕೆಸರು ಇನ್ನೂ ಇದೆ. "ಯಕ್ಕಾ, ಗೇಟು ಹೋತಂತ" ಅಂತ ತಮ್ಮನ ಫೋನು. ಚೊಂಬಿನಲ್ಲಿ ಉಳಿದ ನೀರನ್ನು ಅವಳು ಚೆಲ್ಲುವುದಿಲ್ಲ, ಹಾಗೇ ಹಿಡಿದು ನಿಲ್ಲುತ್ತಾಳೆ. ಅಷ್ಟೇ ಮೊದಲ ಪ್ಯಾರಾ. ಸಾಲ, ಗಂಡ, ಎಕರೆ ಲೆಕ್ಕ ಎಲ್ಲ ನಿಧಾನಕ್ಕೆ ಬರಲಿ.

ಪಾತ್ರಗಳ ಮಾತು ನಮ್ಮ ಸೀಮೆಯದೇ ಇರಲಿ. ಅದನ್ನು ದಯವಿಟ್ಟು ತಿದ್ದಬೇಡಿ, ಅವರ ಉಸಿರೇ ಅದು. ಕೊನೆ ಏನಾಗುತ್ತದೆ ಅಂತ ಈಗಲೇ ಗೊತ್ತಿರಬೇಕಿಲ್ಲ. ನನ್ನ ಮೊದಲ ಕತೆಗೆ ಜೀವ ಬಂದದ್ದು ಮೊದಲ ಮೂರು ಪುಟ ತೆಗೆದುಹಾಕಿದ ಮೇಲೆ.

ಭಾನುವಾರದೊಳಗೆ ಹತ್ತು ಸಾಲು ಬರೆದು ಕಳಿಸಿ, ಓದಿ ಹೇಳುತ್ತೇನೆ.