ಕಾಲ್ ಮಾಡಲೋ, ರೀ-ರೇಸ್ ಮಾಡಲೋ?

ಕಳೆದ ಶನಿವಾರ ರಾತ್ರಿ ಜಯನಗರದ ನಮ್ಮ ಮನೆಯಲ್ಲಿ ಆರು ಜನ ಪೋಕರ್‌ಗೆ ಕೂತಿದ್ದೆವು. 2025ರ ಆಗಸ್ಟ್‌ನಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳಿಗೆ ಸಂಸತ್ತು ನಿಷೇಧ ಹಾಕಿದ ಮೇಲೆ, ಫೋನಿನಲ್ಲಿ ಆಡುತ್ತಿದ್ದ ನಮ್ಮ ಗುಂಪು ಚಾಪೆಗೆ ಇಳಿದಿದೆ. ದುಡ್ಡಿಲ್ಲ. ತಲೆಗೆ 100 ಹುಣಸೆ ಬೀಜ. ವರ್ಷವಿಡೀ ಅಮ್ಮ ಡಬ್ಬಿಯಲ್ಲಿ ಕೂಡಿಟ್ಟವು. ಕೆಲವು ಚೌಕಾಬಾರಕ್ಕೆ ಉಜ್ಜಿದ್ದರಿಂದ ಒಂದು ಕಡೆ ಬೆಳ್ಳಗಿವೆ.

ತಲೆಗೆ ಎರಡೆರಡು ಎಲೆ. ನನಗೆ ಎಕ್ಕ, ರಾಣಿ ಬಂದವು. ಮೊದಲು ಆಡಬೇಕಿದ್ದ ಭಾವ 6 ಬೀಜಕ್ಕೆ ರೇಸ್ ಮಾಡಿದರು, ಅಂದರೆ ಪಣ ಏರಿಸಿದರು. ಎಲೆ ಚೆನ್ನಾಗಿದೆಯಲ್ಲ ಅಂತ ನಾನು ಅದರ ಮೇಲೂ ಏರಿಸಿ (ಅದೇ ರೀ-ರೇಸ್) 18 ಇಟ್ಟೆ. ಉಳಿದವರೆಲ್ಲ ಎಲೆ ಎಸೆದರು, ಭಾವ ಕಾಲ್ ಮಾಡಿದರು, ಅಂದರೆ ನನ್ನಷ್ಟೇ ಇಟ್ಟು ಆಟದಲ್ಲಿ ಉಳಿದರು. ಫ್ಲಾಪ್‌ನಲ್ಲಿ (ಎಲ್ಲರಿಗೂ ಸೇರಿದಂತೆ ಮೊದಲು ಬಿಚ್ಚಿಡುವ ಮೂರು ಎಲೆ) ಎಕ್ಕ, ಏಳು, ನಾಲ್ಕು. ಖುಷಿಯಲ್ಲಿ ಎಲ್ಲವನ್ನೂ ತಳ್ಳಿದೆ. ಭಾವನ ಕೈಯಲ್ಲಿ ಎಕ್ಕ, ರಾಜ. ಇಬ್ಬರಿಗೂ ಎಕ್ಕದ ಜೋಡಿ, ಆದರೆ ನನ್ನ ರಾಣಿಗಿಂತ ಅವರ ರಾಜ ದೊಡ್ಡದು, ಸೋತೆ. "ಏನಪ್ಪಾ, ಮೊದಲ ಸೀಟಿನಿಂದ ನಾನು ಸುಮ್ನೆ ಏರಿಸ್ತೀನಾ?" ಅಂದರು.

ತಪ್ಪಾಗಿದ್ದು ಅಲ್ಲೇ. ಕೈಗೆ ಎಲೆ ಬಂದ ತಕ್ಷಣ ಎಲ್ಲರೂ ಅದನ್ನೇ ನೋಡುತ್ತಾರೆ. ಮೊದಲು ನೋಡಬೇಕಾದ್ದು ಯಾರು, ಯಾವ ಜಾಗದಿಂದ ಏರಿಸಿದರು ಅನ್ನೋದು. ಮೊದಲು ಆಡುವವರ ಹಿಂದೆ ಐದು ಜನ ಕಾಯುತ್ತಿರುತ್ತಾರೆ. ಹಾಗಾಗಿ ಅವರು ಗಟ್ಟಿ ಎಲೆ ಇಲ್ಲದೆ ಏರಿಸುವುದು ಕಡಿಮೆ. ಡೀಲರ್ (ಎಲೆ ಹಂಚುವವರ) ಜಾಗದಲ್ಲಿರುವವರ ಹಿಂದೆ ಇರುವುದು ಇಬ್ಬರು ಬ್ಲೈಂಡ್‌ಗಳು ಮಾತ್ರ, ಸಿಕ್ಕಿದ್ದರಲ್ಲೆಲ್ಲ ಏರಿಸುತ್ತಾರೆ. (ಮೂರೆಲೆ ಆಡಿದವರಿಗೆ ಬ್ಲೈಂಡ್ ಅಂದರೆ ಎಲೆ ನೋಡದೆ ಆಡುವುದು. ಇಲ್ಲಿ ಅದು ಎಲೆ ಹಂಚುವ ಮೊದಲೇ ಇಬ್ಬರು ಕಡ್ಡಾಯವಾಗಿ ಇಡುವ ಪಣ. ನಮ್ಮಲ್ಲಿ ಸಣ್ಣ ಬ್ಲೈಂಡ್ 1, ದೊಡ್ಡ ಬ್ಲೈಂಡ್ 2.)

ಆಮೇಲೆ ಒಂದು ಪ್ರಶ್ನೆ ಕೇಳಿಕೊಳ್ಳಿ: ನಾನು ರೀ-ರೇಸ್ ಮಾಡಿದರೆ ಯಾವ ಎಲೆಗಳು ಓಡುತ್ತವೆ, ಯಾವುವು ಉಳಿಯುತ್ತವೆ? ಭಾವನ ಕೈಯಲ್ಲಿ ಎಕ್ಕ-ಗುಲಾಮವೋ ರಾಜ-ರಾಣಿಯೋ ಇದ್ದಿದ್ದರೆ ನನ್ನ 18 ನೋಡಿ ಎಸೆಯುತ್ತಿದ್ದರು. ಅವನ್ನು ನಾನು ಸೋಲಿಸಬಹುದಿತ್ತು. ಉಳಿಯುವುದು ಎಕ್ಕ-ರಾಜ, ಎಕ್ಕದ ಜೋಡಿ, ರಾಜನ ಜೋಡಿ, ರಾಣಿಯ ಜೋಡಿ. ಅಂದರೆ ಸೋಲಿಸಬಹುದಾದವರನ್ನು ನಾನೇ ಮನೆಗೆ ಕಳಿಸಿ, ನನ್ನನ್ನು ಸೋಲಿಸುವವರ ಜೊತೆ ಕೂತೆ. ಅಲ್ಲಿ ಕಾಲ್ ಸಾಕಿತ್ತು. ರೀ-ರೇಸ್ ಮಾಡಿದರೆ ನಮಗಿಂತ ಸಣ್ಣ ಎಲೆ ಕಾಲ್ ಮಾಡಬೇಕು, ಇಲ್ಲವೇ ನಮಗಿಂತ ದೊಡ್ಡದು ಓಡಬೇಕು. ಎರಡೂ ಆಗದಿದ್ದರೆ ಕೈ ಕಟ್ಟಿ ಕೂರಿ.

ಎಕ್ಕದ ಜೋಡಿ, ರಾಜನ ಜೋಡಿ ಬಂದರೆ ಇಷ್ಟು ಯೋಚನೆ ಬೇಡ, ಏರಿಸಿ. ಬಚ್ಚಿಟ್ಟು ಆಡುವ ಜಾಣತನ ಜಾಸ್ತಿ ಸಲ ಕೈಕೊಡುತ್ತದೆ. ಯಾವುದೋ ಎರಡು ಎಲೆ ಹಿಡಿದ ಒಬ್ಬರ ಎದುರು ಎಕ್ಕದ ಜೋಡಿ ನೂರಕ್ಕೆ ಸುಮಾರು 85 ಸಲ ಗೆಲ್ಲುತ್ತದೆ. ಐವರೂ ಕೊನೆವರೆಗೆ ಉಳಿದರೆ ಸುಮಾರು ಅರ್ಧದಷ್ಟು ಸಲ ಮಾತ್ರ.

ಸಣ್ಣ ಜೋಡಿಗೆ, ಅಂದರೆ ಐದರ ಜೋಡಿ, ಆರರ ಜೋಡಿಗೆ ಕಾಲ್ ವಾಸಿ. ಆದರೆ ಮೂರನೇ ಐದು ಫ್ಲಾಪ್‌ನಲ್ಲಿ ಬರುವುದು ನೂರಕ್ಕೆ 12 ಸಲ ಮಾತ್ರ. ಎದುರಿನವರ ಹತ್ತಿರ ನೀವು ಹಾಕುವ ಕಾಲ್‌ನ 15-20 ಪಟ್ಟಾದರೂ ಬೀಜ ಇರಬೇಕು, ನಿಮ್ಮ ಹತ್ತಿರವೂ. ಇಲ್ಲದಿದ್ದರೆ ಆ ಕಾಯುವಿಕೆ ದುಬಾರಿ.

ಕಾಲ್‌ಗೆ ಬೀಳುವ ಖರ್ಚನ್ನೂ ಲೆಕ್ಕ ಹಾಕಿ. ಎದುರಿನವರು 6ಕ್ಕೆ ಏರಿಸಿದ್ದಾರೆ, ಬೇರೆಯವರೆಲ್ಲ ಎಸೆದಿದ್ದಾರೆ. ನೀವು ದೊಡ್ಡ ಬ್ಲೈಂಡ್ ಆಗಿದ್ದರೆ 2 ಆಗಲೇ ಇಟ್ಟಿದ್ದೀರಿ. ಇನ್ನು 4 ಹಾಕಿದರೆ ರಾಶಿ 13. ನೂರಕ್ಕೆ 31 ಸಲ ಗೆದ್ದರೆ ಅಸಲು ಬಂತು. ಡೀಲರ್ ಜಾಗದಲ್ಲಿದ್ದರೆ 6 ಹಾಕಬೇಕು, ರಾಶಿ 15, ನೂರಕ್ಕೆ 40 ಸಲ ಗೆಲ್ಲಬೇಕು. ಹಾಗಂತ ಬ್ಲೈಂಡ್‌ನವರು ಹಿಗ್ಗಬೇಡಿ. ಫ್ಲಾಪ್ ಆದ ಮೇಲೆ ನೀವೇ ಮೊದಲು ಬಾಯಿ ಬಿಡಬೇಕು.

ಎಷ್ಟಕ್ಕೆ ಏರಿಸಬೇಕು? ಫ್ಲಾಪ್ ಆದ ಮೇಲೆ ಎದುರಿನವರ ನಂತರ ಆಡುವ ಜಾಗವಾದರೆ ಅವರ ರೇಸ್‌ನ ಮೂರು ಪಟ್ಟು, ಮೊದಲು ಆಡಬೇಕಾದರೆ ನಾಲ್ಕು ಪಟ್ಟು.

ಅಪರೂಪಕ್ಕೊಮ್ಮೆ ಹುಸಿ ರೀ-ರೇಸ್ ಕೂಡ ಬೇಕು. ಅದಕ್ಕೆ ಒಂದೇ ಜಾತಿಯ ಎಕ್ಕ-ಐದು ಒಳ್ಳೆಯದು. ಒಂದು ಎಕ್ಕ ನಿಮ್ಮ ಕೈಯಲ್ಲಿದ್ದರೆ ಎದುರಿನವರಿಗೆ ಎಕ್ಕದ ಜೋಡಿ ಆರು ಬಗೆಯಲ್ಲಿ ಅಲ್ಲ, ಮೂರೇ ಬಗೆಯಲ್ಲಿ ಬರಬಹುದು. ಯಾವಾಗಲೂ ಕಾಲ್ ಮಾಡುವ ಅತ್ತಿಗೆಯಂಥವರ ಎದುರು ಮಾತ್ರ ಇದು ಬೇಡ.

ಆ ರಾತ್ರಿ ಡಬ್ಬಿಯಿಂದ ಇನ್ನೂ 100 ಬೀಜ ಸಾಲ ತಂದೆ. ಹನ್ನೊಂದರ ಹೊತ್ತಿಗೆ ಮತ್ತೆ ಎಕ್ಕ-ರಾಣಿ ಬಂತು. ಈ ಸಲ ನಾನು ದೊಡ್ಡ ಬ್ಲೈಂಡ್, 6ಕ್ಕೆ ಏರಿಸಿದ ಭಾವ ಡೀಲರ್ ಜಾಗದಲ್ಲಿ. 24 ಇಟ್ಟೆ. ಭಾವ ಒಂದು ಬೀಜವನ್ನು ಬೆರಳಲ್ಲಿ ಉರುಳಿಸುತ್ತಾ ಕೂತರು, ಆಮೇಲೆ ರಾಜ-ಹತ್ತು ತೋರಿಸಿ ಎಸೆದರು. ನನಗೆ ಬಂದ ಲಾಭ ಏಳು ಬೀಜ.