ಮಲೆನಾಡಿನ ಕಾಳುಮೆಣಸನ್ನು ಹೊರದೇಶಕ್ಕೆ ಮಾರುವ ಬಗೆ

ತೀರ್ಥಹಳ್ಳಿ, ಹೊಸನಗರ, ಸಾಗರದ ಅಡಿಕೆ ತೋಟಗಳ ಕಾಳುಮೆಣಸನ್ನು ರೈತ ಉತ್ಪಾದಕ ಕಂಪನಿಯ ಮೂಲಕ ಹೊರದೇಶಕ್ಕೆ ಮಾರಲು ಹೊರಟವರು, ಯಾರೊಂದಿಗೆ ಪೈಪೋಟಿಗೆ ಇಳಿಯಬಾರದು ಎಂಬುದನ್ನು ಮೊದಲು ತೀರ್ಮಾನಿಸಿಕೊಳ್ಳಬೇಕು. ಜಗತ್ತಿನಲ್ಲಿ ಅತಿ ಹೆಚ್ಚು ಮೆಣಸು ಬೆಳೆಯುವ ವಿಯೆಟ್ನಾಂನ ಸರಕು, ಲೀಟರಿಗೆ 500 ಅಥವಾ 550 ಗ್ರಾಂ ತೂಗುವ ದರ್ಜೆಯ ಹೆಸರಿನಲ್ಲಿ ಕಂಟೇನರ್‌ಗಟ್ಟಲೆ ಮಾರಾಟವಾಗುತ್ತದೆ. ಅಲ್ಲಿ ಕಡಿಮೆ ಬೆಲೆಗೆ ಕೊಡುವವನದೇ ಮೇಲುಗೈ. ಸಣ್ಣ ಹಿಡುವಳಿಯ, ಕೂಲಿ ದುಬಾರಿಯಾದ ನಮ್ಮ ಸೀಮೆ ಆ ದಾರಿ ಹಿಡಿಯದಿರುವುದೇ ಒಳ್ಳೆಯದು. ಕಿಲೋಗೆ 500 ರೂಪಾಯಿಗಿಂತ ಕಡಿಮೆ ಬೆಲೆಯ ಮೆಣಸು ಆಮದಾಗದಂತೆ ಕೇಂದ್ರ ಸರ್ಕಾರ 2017ರ ಡಿಸೆಂಬರಿನಲ್ಲಿ ಹಾಕಿದ ಕಟ್ಟು ಒಳನಾಡಿನ ಪೇಟೆಗೆ ಸಂಬಂಧಿಸಿದ್ದು. ಜರ್ಮನಿಯ ಹ್ಯಾಂಬರ್ಗಿನ ಖರೀದಿದಾರನ ಲೆಕ್ಕದಲ್ಲಿ ಅದಕ್ಕೆ ಸ್ಥಾನವಿಲ್ಲ.

ನಮಗೆ ಅನುಕೂಲವಿರುವುದು ಕಾಳಿನ ಗಾತ್ರದಲ್ಲಿ. ಪಣಿಯೂರು-1 ತಳಿಯ ದಪ್ಪ ಕಾಳುಗಳನ್ನು ಜರಡಿ ಹಿಡಿದು, 4.25 ಮತ್ತು 4.75 ಮಿಲಿಮೀಟರ್ ಕಣ್ಣಿನ ಮೇಲೆ ನಿಂತದ್ದನ್ನು ಬೇರೆ ಬೇರೆಯಾಗಿ ತೆಗೆದಿಟ್ಟರೆ, ಕೇರಳದ ತಲಶ್ಶೇರಿಯ ಹಳೆಯ ಹೆಸರಾದ ತೆಲ್ಲಿಚೆರಿಯ ಹೆಸರಿನಲ್ಲಿ ಮಾರಾಟವಾಗುವ ‘ಎಕ್ಸ್‌ಟ್ರಾ ಬೋಲ್ಡ್’ (ಅತಿ ದಪ್ಪ ಕಾಳು) ದರ್ಜೆಗಳಿಗೆ ಹೆಚ್ಚು ಬೆಲೆ ಕೊಡುವವರನ್ನು ಹುಡುಕಬಹುದು. ಉಳಿದ ಕಾಳನ್ನು ಇಲ್ಲಿನ ಪೇಟೆಯಲ್ಲೇ ಮಾರಿದರಾಯಿತು.

ಎಲ್ಲಕ್ಕಿಂತ ಹೆಚ್ಚು ಗಮನ ಬೇಡುವುದು ಒಣಗಿಸುವ ಕೆಲಸ. ಸಗಣಿ ಸಾರಿಸಿದ ಅಂಗಳದಲ್ಲಿ ಹರವುವುದು ನಮ್ಮ ಮನೆಗಳ ಹಳೆಯ ರೂಢಿ. ಆದರೆ 25 ಗ್ರಾಂ ಮಾದರಿಯಲ್ಲಿ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಇರಲೇಬಾರದೆಂದು ಕೇಳುವ ಖರೀದಿದಾರನಿಗೆ ಅಂಥ ಸರಕನ್ನು ಕಳಿಸುವುದು ಅಪಾಯ. ಸಿಮೆಂಟಿನ ಕಣ ಅಥವಾ ಶುದ್ಧವಾದ ತಾರ್ಪಾಲು ಬಳಸಬೇಕು, ದನ ನಾಯಿಗಳು ತುಳಿಯದಂತೆ ಕಾಯಬೇಕು. ಯುರೋಪಿನಲ್ಲಿ ಪ್ರತ್ಯೇಕ ಮಿತಿ ಗೊತ್ತುಮಾಡದ ಕೀಟನಾಶಕಗಳ ಉಳಿಕೆಗೆ ಕಿಲೋಗೆ 0.01 ಮಿಲಿಗ್ರಾಂ ಮಿತಿಯಿದೆ. ಅಡಿಕೆಗೆ ಹೊಡೆದ ಔಷಧಿ ಅದೇ ಮರಕ್ಕೆ ಹಬ್ಬಿದ ಬಳ್ಳಿಯ ಮೇಲೂ ಬೀಳುವುದರಿಂದ, ಪ್ರತಿಯೊಬ್ಬ ಸದಸ್ಯನ ತೋಟದಲ್ಲಿ ಯಾವಾಗ ಏನನ್ನು ಸಿಂಪಡಿಸಲಾಯಿತು ಎಂಬುದನ್ನು ಪುಸ್ತಕದಲ್ಲಿ ಬರೆದಿಡದೆ ಈ ವ್ಯವಹಾರಕ್ಕೆ ಕೈಹಾಕಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ರಫ್ತಿಗೆ ಆಮದು-ರಫ್ತು ಸಂಕೇತ ಸಂಖ್ಯೆಯೂ ಸಂಬಾರ ಮಂಡಳಿಯ ನೋಂದಣಿಯೂ ಬೇಕು. ಆದರೂ ಮೊದಲ ಒಂದೆರಡು ಹಂಗಾಮು ಅನುಭವವಿರುವ ರಫ್ತುದಾರರ ಮೂಲಕ ಕಳಿಸಿ, ತಕರಾರುಗಳು ಎಲ್ಲಿಂದ ಹುಟ್ಟುತ್ತವೆಂದು ತಿಳಿದುಕೊಳ್ಳುವುದು ಮೇಲು. ನೇರವಾಗಿ ಮಾರುವಾಗ ಹಡಗಿಗೆ ಏರಿಸುವವರೆಗಿನ ಖರ್ಚಷ್ಟೇ ನಮ್ಮದಾಗುವ ಎಫ್‌ಒಬಿ ಕರಾರು ಹೊಸಬರಿಗೆ ಸುಲಭ. ಘಟ್ಟ ಇಳಿಸಿ ಪಣಂಬೂರು ಬಂದರಿಗೆ ಒಯ್ಯುವ ಲಾರಿ ಬಾಡಿಗೆಯನ್ನು ಬೆಲೆಯಲ್ಲಿ ಸೇರಿಸಲು ಮರೆಯಬಾರದು. ಖರೀದಿದಾರನು ಹಣ ಕೊಡದಿರುವ ಭಯಕ್ಕೆ ಹಣ ಪಾವತಿಗೆ ಬ್ಯಾಂಕು ಹೊಣೆಯಾಗುವ ಲೆಟರ್ ಆಫ್ ಕ್ರೆಡಿಟ್ ಪತ್ರವನ್ನೋ, ರಫ್ತುದಾರರ ಬಾಕಿಗೆ ವಿಮೆ ಕೊಡುವ ಕೇಂದ್ರ ಸರ್ಕಾರದ ಸಂಸ್ಥೆಯಾದ ಇಸಿಜಿಸಿಯ ವಿಮೆಯನ್ನೋ ಪಡೆಯಬೇಕು. ಪ್ರತಿ ಬಾರಿಯೂ ಕಳಿಸಿದ ಸರಕಿನದೇ ಒಂದು ಕಿಲೋ ಕಾಳನ್ನು ಮೊಹರು ಮಾಡಿ ಗೋದಾಮಿನಲ್ಲಿ ಇಟ್ಟುಕೊಂಡಿದ್ದರೆ, ಗುಣಮಟ್ಟದ ದೂರು ಬಂದಾಗ ಅದನ್ನೇ ಪರೀಕ್ಷೆಗೆ ಕಳಿಸಬಹುದು.